ಡರ್ಬಿಯಲ್ಲಿ ಇಟ್ಟ ದೃಷ್ಟಿಬೊಟ್ಟು

ಇಂಗ್ಲೆಂಡಿಗೆ ಹೋಗಿಬಂದೆ ಎಂದ ಕೂಡಲೇ ನಮ್ಮ ಬೀದಿಯವರು ಕೇಳುವುದು, ಅಲ್ಲಿನ ಅರಮನೆ ನೋಡಿದಿರಾ ಎಂದು. ನೋಡಲಿಲ್ಲ. ಮೈಸೂರಿನವಳಿಗೆ ಅರಮನೆ ತೋರಿಸಲು ಏಳು ಸಮುದ್ರ ದಾಟಿಸಬೇಕೆ? ನಾನು ಆರು ವಾರ ಇದ್ದದ್ದು ಡರ್ಬಿ ಎಂಬ ಊರಿನ ಒಂದು ಸಣ್ಣ ಮನೆಯಲ್ಲಿ, ಮೂರು ಪುಟ್ಟ ಮಕ್ಕಳ ನಡುವೆ. ನೋಡಿದ್ದೂ ಅದನ್ನೇ, ಹೇಳುವುದೂ ಅದನ್ನೇ.

ಕುಂಬಾರಕೊಪ್ಪಲಿನ ನಮ್ಮ ಮನೆಯ ಹಜಾರದಲ್ಲಿ ನಾನು ಮೂವತ್ತೊಂದು ವರ್ಷದಿಂದ ಶಿಶುವಿಹಾರ ನಡೆಸುತ್ತಿದ್ದೇನೆ. ಮಕ್ಕಳೂ ಅವರ ತಾಯಂದಿರೂ ನನ್ನನ್ನು ಕರೆಯುವುದು ಜಯಾ ಮಿಸ್ ಎಂದು. ಇಪ್ಪತ್ತಾರು ಮಕ್ಕಳು, ನಾನು, ಆಯಾ ಪುಟ್ಟತಾಯಮ್ಮ. ಇಷ್ಟು ವರ್ಷದಲ್ಲಿ ಸರಕಾರದ ಕಡೆಯಿಂದ ನನ್ನ ಹಜಾರದೊಳಗೆ ಬಂದವರು ಒಬ್ಬರೇ. ಅವರೂ ಜನಗಣತಿಯವರು, ಉಪ್ಪಿಟ್ಟು ತಿಂದು ಚೆನ್ನಾಗಿದೆ ಎಂದು ಹೇಳಿಹೋದರು. ತಪಾಸಣೆ ಎಂದರೆ ನನಗೆ ಗೊತ್ತಿದ್ದದ್ದು ಅಷ್ಟೇ.

ಡರ್ಬಿಯಲ್ಲಿರುವ ಭವ್ಯ ನನ್ನ ಅಕ್ಕನ ಮಗಳು. ಅಕ್ಕನದು ಎಚ್.ಡಿ. ಕೋಟೆ ಕಡೆಯ ಹಳ್ಳಿ, ಬೇಸಾಯದ ಮನೆ. ಹುಡುಗಿ ಹತ್ತನೆಯ ವಯಸ್ಸಿಗೆ ಓದಲೆಂದು ನಮ್ಮ ಮನೆಗೆ ಬಂದಳು. ಸ್ಕೂಲಿಲ್ಲದ ದಿನ ನನ್ನ ಹಜಾರದಲ್ಲಿ ಮಕ್ಕಳ ಮೂಗು ಒರೆಸಿಕೊಂಡು, ಹಾಡು ಹೇಳಿಕೊಟ್ಟುಕೊಂಡು ದೊಡ್ಡವಳಾದಳು. ಅವಳ ಗಂಡ ಗಿರೀಶ ಅಲ್ಲಿ ಆಸ್ಪತ್ರೆಯೊಂದರಲ್ಲಿ ನರ್ಸು. ಇವಳು ಲೈಸೆನ್ಸು ತೆಗೆದುಕೊಂಡು ಮನೆಯಲ್ಲೇ ಬೇರೆಯವರ ಮಕ್ಕಳನ್ನು ನೋಡಿಕೊಳ್ಳುತ್ತಾಳೆ. ಎಲ್ಲ ನಾನು ಕಲಿಸಿದ ವಿದ್ಯೆ ಎಂದು ಸಿಕ್ಕಿದವರಿಗೆಲ್ಲ ಹೇಳಿಕೊಂಡು ಬೀಗುತ್ತಿದ್ದೆ.

ಇಳಿದ ದಿನ

ವಿಮಾನ ನಿಲ್ದಾಣದಲ್ಲಿ ಭವ್ಯ ಕಾಲಿಗೆ ನಮಸ್ಕಾರ ಮಾಡಿದಳು, ತಬ್ಬಿಕೊಂಡಳು, ಆಮೇಲೆ ಕೇಳಿದ ಮೊದಲ ಮಾತು ಇದು:

"ಚಿಕ್ಕಮ್ಮ, ಬ್ಯಾಗಲ್ಲಿ ಕಡ್ಲೆಕಾಯಿದು ಏನಾರ ಇದ್ಯಾ?"

ಇಲ್ಲದೆ ಇರುತ್ತದೆಯೆ? ಅವಳಿಗೆ ಪ್ರಾಣವೆಂದು ಎರಡು ಕೆಜಿ ಕಡಲೆಕಾಯಿ ಚಟ್ನಿಪುಡಿ ಮಾಡಿ ತಂದಿದ್ದೆ.

"ನಮ್ಮನೆಗೆ ಬರೋ ಜಾಕ್ ಅನ್ನೋ ಮಗೂಗೆ ಅದು ಆಗಲ್ಲ. ಒಂದ್ ಚೂರು ಬಾಯಿಗೆ ಹೋದ್ರೂ ಗಂಟ್ಲು ಊದ್ಕೊಂಬುಡ್ತದೆ. ಮನೆ ಒಳಗೇ ತರೋ ಹಂಗಿಲ್ಲ."

ದಾರಿಯಲ್ಲಿ ಗಿರೀಶನ ಆಸ್ಪತ್ರೆಯ ಸ್ನೇಹಿತನೊಬ್ಬನ ಮನೆ ಮುಂದೆ ಕಾರು ನಿಲ್ಲಿಸಿ ಎರಡೂ ಕೆಜಿಯನ್ನು ಅವನಿಗೆ ಕೊಟ್ಟುಬಂದರು. ಅವನು ಗುಂಟೂರಿನವನು. ಚೆನ್ನಾಗಿದೆ, ಖಾರ ಸಾಲದು ಎಂದನಂತೆ.

ಮಾರನೆಯ ಬೆಳಿಗ್ಗೆ ಎದ್ದು ಕೆಳಗೆ ಬಂದರೆ ಬಾಗಿಲ ಪಕ್ಕದ ಮೇಜಿನ ಮೇಲೆ ಒಂದು ಪುಸ್ತಕ. ಮಕ್ಕಳಿರುವ ಹೊತ್ತಿನಲ್ಲಿ ಮನೆಯಲ್ಲಿ ಯಾರ್‍ಯಾರು ಇದ್ದರು ಎಂದು ಅದರಲ್ಲಿ ಇರಬೇಕು. ನಾನು ಮಹಡಿಯಿಂದ ಹದಿಮೂರು ಮೆಟ್ಟಿಲು ಇಳಿದು ಬಂದವಳು, ಮನೆಗೆ ಬಂದ ಸಮಯ ಎಂಟು ಗಂಟೆ ಎಂದು ಬರೆದು ಸಹಿ ಹಾಕಬೇಕಾಯಿತು. ಫೋನನ್ನು ಒಂದು ಬುಟ್ಟಿಗೆ ಹಾಕಬೇಕಾಯಿತು, ಮಕ್ಕಳ ಕೋಣೆಗೆ ಕ್ಯಾಮೆರಾ ಇರುವ ಫೋನು ಹೋಗುವ ಹಾಗಿಲ್ಲ. ಕಾಫಿ ಕುಡಿಯಬೇಕೆಂದರೆ ಅಡುಗೆಮನೆಯ ಸಣ್ಣ ಗೇಟಿನ ಆಚೆ ನಿಂತೇ ಕುಡಿಯಬೇಕು. ದ್ರಾಕ್ಷಿಯನ್ನು ನಾನು ಅಡ್ಡಡ್ಡ ಹೆಚ್ಚಿದ್ದೆ. ಭವ್ಯ ತಟ್ಟೆ ಎಳೆದುಕೊಂಡು ಪ್ರತಿಯೊಂದನ್ನೂ ಉದ್ದುದ್ದ ನಾಲ್ಕು ಸೀಳಿದಳು. ಗುಂಡಗಿದ್ದರೆ ಗಂಟಲಿಗೆ ಬಿರಡೆ ಹಾಕಿದ ಹಾಗೆ ಕೂರುತ್ತದಂತೆ. ಇವೆಲ್ಲ ಹೋಗಲಿ ಎನ್ನಬಹುದಿತ್ತು. ಕೊನೆಯ ಕಟ್ಟಳೆಯನ್ನು ಮಾತ್ರ ಅವಳು ನನ್ನ ಮುಖ ನೋಡದೆ ಹೇಳಿದಳು.

"ಮಕ್ಕಳ ಜೊತೆ ನಿಮ್ಮನ್ನ ಒಬ್ರನ್ನೇ ಬಿಡೋ ಹಂಗಿಲ್ಲ ಚಿಕ್ಕಮ್ಮ. ಒಂದ್ ನಿಮಿಷಾನೂ. ಪೊಲೀಸ್ ಕಡೆಯಿಂದ ವಿಚಾರಣೆ ಆದವ್ರಿಗೆ ಮಾತ್ರ ಅದು. ಇಲ್ಲಿ ಕಾನೂನು ಹಂಗೆ."

"ನನ್ನನ್ನಾ?"

"ಹೂಂ. ನಿಮ್ಮನ್ನೂ."

ಗುರುವಿಗೇ ತಿರುಮಂತ್ರ ಎಂದರೆ ಇದೇ. ಇವಳಿಗೆ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಳ್ಳುವುದು ಹೇಗೆಂದು ತೋರಿಸಿದವಳು ನಾನು. ಆ ದಿನವೆಲ್ಲ ಮುಖ ಊದಿಸಿಕೊಂಡಿದ್ದೆ.

ಒಗ್ಗರಣೆ ಹಾಕಿದ ದಿನ

ಬರುತ್ತಿದ್ದ ಮಕ್ಕಳು ಮೂರು. ಮೂರು ವರ್ಷದ ಜಾಕ್, ಎರಡೂವರೆಯ ಆಯೇಷಾ, ವರ್ಷ ತುಂಬಿ ಒಂದು ತಿಂಗಳಾದ ಲಿಲಿ. ಐದು ವರ್ಷದೊಳಗಿನ ಮಕ್ಕಳು ಒಬ್ಬಳ ಕೈಗೆ ಮೂರೇ ಎಂದು ಲೆಕ್ಕ. ನನ್ನ ಇಪ್ಪತ್ತಾರನ್ನು ನೆನೆದು ನಗು ಬಂತು. ಮಂಡಿ ಮೊಹಲ್ಲಾದ ಆಟೋದಲ್ಲಿ ಇಷ್ಟು ಮಕ್ಕಳು ಡ್ರೈವರನ ಪಕ್ಕದಲ್ಲೇ ಕೂತಿರುತ್ತವೆ.

ಮಧ್ಯಾಹ್ನ ಸಾರಿಗೆ ಒಗ್ಗರಣೆ ಹಾಕಿದೆ. ಸಾಸಿವೆ ಸಿಡಿಯಿತು, ಎರಡು ಒಣಮೆಣಸಿನಕಾಯಿ ಕಪ್ಪಗಾದವು, ಅಷ್ಟೆ. ಹೊಗೆ ತಾಗಿದರೆ ಕೂಗಲೆಂದು ಚಾವಣಿಗೆ ಅಂಟಿಸಿದ್ದ ಬಿಳಿ ಡಬ್ಬಿಯೊಂದು ಕಿವಿ ಹರಿಯುವ ಹಾಗೆ ಅರಚತೊಡಗಿತು. ನಾನು ಸೌಟು ಹಿಡಿದು ಕಂಬವಾದೆ. ಆದರೆ ಆ ಮಕ್ಕಳು! ಜಾಕ್ ಕೈಯಲ್ಲಿದ್ದ ಆಟದ ಬಸ್ಸನ್ನು ಕೆಳಗಿಟ್ಟ. ಆಯೇಷಾ ಗೋಡೆಯ ಮೊಳೆಯಲ್ಲಿ ನೇತಾಡುತ್ತಿದ್ದ ಹಗ್ಗ ತಂದಳು. ಹಗ್ಗದಲ್ಲಿ ಗಂಟುಗಳಿದ್ದವು, ಒಂದೊಂದು ಗಂಟನ್ನು ಒಬ್ಬೊಬ್ಬರು ಹಿಡಿದರು. ಭವ್ಯ ಲಿಲಿಯನ್ನು ಎತ್ತಿಕೊಂಡು ಹಾಜರಿ ಪುಸ್ತಕ ಬಗಲಿಗಿಟ್ಟುಕೊಂಡಳು. ಯಾರೂ ಅಳಲಿಲ್ಲ, ಓಡಲಿಲ್ಲ. ಸಾಲಾಗಿ ನಡೆದುಹೋಗಿ ಬೀದಿದೀಪದ ಕಂಬದ ಹತ್ತಿರ ನಿಂತರು. ಅಲ್ಲಿಂದ ಜಾಕ್ ತಿರುಗಿ ನೋಡಿ, ಕೈಬೀಸಿ ನನ್ನನ್ನೂ ಕರೆದ. ಅಜ್ಜಿಯೊಬ್ಬಳು ಒಳಗೇ ಉಳಿದಿದ್ದಾಳೆಂದು ಅವನಿಗೆ ಚಿಂತೆ.

ಒಳಗೆ ಬಂದ ಮೇಲೆ ಭವ್ಯ ಪುಸ್ತಕದಲ್ಲಿ ಬರೆದಳು. ಸಮಯ ಇಷ್ಟು, ಎಲ್ಲರೂ ಹೊರಗೆ ಬರಲು ಹಿಡಿದದ್ದು ಒಂದು ನಿಮಿಷ ಹತ್ತು ಸೆಕೆಂಡು, ಕಾರಣ ಚಿಕ್ಕಮ್ಮನ ಅಡುಗೆ. ನಾನು ಬೈಯಲು ಬಾಯಿ ತೆರೆದೆ, ಆಮೇಲೆ ಹೋಗಿ ಸಾರಿನ ಪಾತ್ರೆಗೆ ಮುಚ್ಚಳ ಹಾಕಿದೆ. ನನ್ನ ಹಜಾರಕ್ಕೆ ಬೆಂಕಿ ಬಿದ್ದರೆ ಇಪ್ಪತ್ತಾರು ಮಕ್ಕಳನ್ನು ಹೇಗೆ ಹೊರಗೆ ತರುತ್ತೇನೆ ಎಂದು ಅಲ್ಲಿಯವರೆಗೆ ನಾನು ಒಂದು ಸಲವೂ ಯೋಚಿಸಿರಲಿಲ್ಲ. ಆವತ್ತು ಸಂಜೆ ಅಕ್ಕನಿಗೆ ಫೋನು ಮಾಡಿ, ನಿನ್ನ ಮಗಳು ಇಲ್ಲಿ ಕಲೆಕ್ಟರ್ ಹಾಗೆ ಕೆಲಸ ಮಾಡುತ್ತಾಳೆ ಕಣೆ ಎಂದು ಹೇಳಿದೆ.

ಎರಡನೆಯ ಸೋಮವಾರ

ಲಿಲಿ ಹತ್ತಿಯ ಉಂಡೆಯಂಥ ಮಗು. ಆವತ್ತು ಅವಳನ್ನು ಬಿಡಲು ಅವಳ ತಾಯಿ ಎಮ್ಮಾ ಬಂದಾಗ ಅಂಚೆಯವನೂ ಬಾಗಿಲಲ್ಲಿದ್ದ. ಎಂಥ ಕಣ್ಣು, ಎಂಥ ಕೆನ್ನೆ ಎಂದು ಮೂರು ಸಲ ಹೊಗಳಿದ. ಅವನು ಹೋದದ್ದೇ ತಡ, ಮಗು ರಚ್ಚೆ ಹಿಡಿಯಿತು. ಹಾಲು ಬೇಡ, ನಿದ್ದೆ ಬೇಡ, ಆಟ ಬೇಡ. ನನಗೆ ಕಾರಣ ಹೊಳೆಯದೆ ಇರುತ್ತದೆಯೆ? ನಮ್ಮ ಹಜಾರದಲ್ಲಿ ಹೀಗಾದರೆ ಮಾಡುವುದು ಒಂದೇ ಕೆಲಸ. ಹರಳೆಣ್ಣೆ ದೀಪದ ಮಸಿಯಿಂದ ನಾನೇ ಮಾಡಿದ ಕಾಡಿಗೆಯ ಡಬ್ಬಿ ಪರ್ಸಿನಲ್ಲೇ ಇತ್ತು. ಭವ್ಯ ಬೆನ್ನು ತಿರುಗಿಸಿ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದಳು. ನಾನು ಮಗುವಿನ ಎಡಗೆನ್ನೆಗೆ ಒಂದು ದೃಷ್ಟಿಬೊಟ್ಟು ಇಟ್ಟೆ. ಮಗು ಸುಮ್ಮನಾಯಿತು, ನಿಜವಾಗಿಯೂ ಸುಮ್ಮನಾಯಿತು.

ಭವ್ಯ ತಿರುಗಿದಳು. ಒದ್ದೆ ಕೈಯಲ್ಲೇ ಬಂದು ಮಗುವಿನ ಕೆನ್ನೆ ನೋಡಿದಳು.

"ಏನಿದು ಚಿಕ್ಕಮ್ಮ?"

"ದೃಷ್ಟಿಬೊಟ್ಟು ಕಣೆ. ಬೆಳಿಗ್ಗೆಯಿಂದ ಕಿರಿಕಿರಿ ಮಾಡ್ತಿತ್ತಲ್ಲ."

"ಯಾರನ್ನ ಕೇಳಿ ಇಟ್ರಿ?"

ಮೂವತ್ತೊಂದು ವರ್ಷದಲ್ಲಿ ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ತಾಯಿ ಒಪ್ಪಿ ಬರೆದುಕೊಡದೆ ಮಗುವಿನ ಮೈಗೆ ಬಿಸಿಲಿನ ಕ್ರೀಮು ಕೂಡ ಹಚ್ಚುವ ಹಾಗಿಲ್ಲ ಎಂದು ಅವಳು ವಿವರಿಸಿದಳು. ಕೆಲವು ಕಾಡಿಗೆಯಲ್ಲಿ ಸೀಸ ಇರುತ್ತದೆ, ಅದಕ್ಕೇ ಇಲ್ಲಿನವರಿಗೆ ಭಯ ಎಂದಳು. ಎಲ್ಲಕ್ಕಿಂತ ಹೆಚ್ಚಾಗಿ, ಮಗುವಿನ ಮುಖದ ಮೇಲೆ ಬೆಳಿಗ್ಗೆ ಇಲ್ಲದ ಒಂದು ಗುರುತು ಸಂಜೆಗೆ ಇದ್ದರೆ ಅದು ಹೇಗೆ ಬಂತೆಂದು ಹೇಳುವ ಹೊಣೆ ಅವಳದು.

"ಅಯ್ಯೋ, ಒರೆಸಿ ಬುಡು ಅತ್ಲಾಗೆ. ಯಾರು ನೋಡ್ತಾರೆ?"

"ಒರೆಸ್ತೀನಿ. ಒರೆಸೋಕ್ ಮುಂಚೆ ಬರೀತೀನಿ."

ಒಂದು ಹಾಳೆ ತೆಗೆದಳು. ಅದರಲ್ಲಿ ಮಗುವಿನ ಆಕಾರ ಅಚ್ಚಾಗಿತ್ತು. ಎಡಗೆನ್ನೆಯ ಮೇಲೆ ಪೆನ್ನಿನಿಂದ ಅವಳೂ ಒಂದು ಚುಕ್ಕೆ ಇಟ್ಟಳು. ಪಕ್ಕದಲ್ಲಿ ಯಾರು, ಯಾವಾಗ, ಏನು, ಏಕೆ ಎಂದು ಬರೆದಳು. ಆಮೇಲೆ ಬೆಚ್ಚನೆಯ ನೀರಿನಲ್ಲಿ ಹತ್ತಿ ಅದ್ದಿ ಮಗುವಿನ ಕೆನ್ನೆ ಒರೆಸಿದಳು. ಗುರುತೇ ಉಳಿಯಲಿಲ್ಲ. ಇನ್ನು ಅದನ್ನು ಹೇಳುವ ಅಗತ್ಯವೇನು ಎಂದು ನನಗೆ ಅನ್ನಿಸಿತು.

ಸಂಜೆ ಎಮ್ಮಾ ಹಾಳೆಯನ್ನು ಎರಡು ಸಲ ಓದಿದಳು. ನನ್ನ ಕಡೆ ನೋಡಿದಳು. ಸಹಿ ಹಾಕಿ, ಗಂಡನ ಹತ್ತಿರ ಮಾತಾಡಬೇಕು ಎಂದಷ್ಟೇ ಹೇಳಿ ಮಗುವನ್ನು ಎತ್ತಿಕೊಂಡು ಹೋದಳು. ಅವಳು ಹೋದ ಹತ್ತು ನಿಮಿಷಕ್ಕೆ ಫೋನು ಬಂತು. ಮಕ್ಕಳನ್ನು ನೋಡಿಕೊಳ್ಳುವ ಮನೆಗಳಿಗೆ ಕೆಲವು ವರ್ಷಕ್ಕೊಮ್ಮೆ ಸರದಿಯಂತೆ ಬರುವ ತಪಾಸಣೆ ಇಲಾಖೆಯವರು. ಬುಧವಾರ ಬೆಳಿಗ್ಗೆ ಬರುತ್ತೇವೆ ಎಂದರು.

ಮಂಗಳವಾರ

ಲಿಲಿ ಬರಲಿಲ್ಲ. ಎಮ್ಮಾ ಕಾರಣವನ್ನೂ ತಿಳಿಸಲಿಲ್ಲ.

ಉಳಿದಿಬ್ಬರು ಮಕ್ಕಳು ಹೋದ ಮೇಲೆ ನಾನೂ ಭವ್ಯಳೂ ಊರ ನಡುವಿನ ಹೊಳೆಯ ಪಕ್ಕ ನಡೆದುಹೋದೆವು. ಬೇಸಿಗೆಯ ಸಂಜೆ, ಆರು ಗಂಟೆಯಾದರೂ ಬಿಸಿಲಿತ್ತು. ಎಮ್ಮಾ ದೂರು ಕೊಟ್ಟರೆ ಏನಾಗುತ್ತದೆ ಎಂದು ಕೇಳಿದೆ. ವಿಚಾರಣೆ ಆಗಬಹುದು, ಅಲ್ಲಿಯವರೆಗೆ ಮಕ್ಕಳನ್ನು ತೆಗೆದುಕೊಳ್ಳಬೇಡ ಎನ್ನಬಹುದು, ವರದಿ ಕೆಟ್ಟದಾಗಿ ಬಂದರೆ ಮತ್ತೆ ಯಾರೂ ಮಗುವನ್ನು ಕಳಿಸುವುದಿಲ್ಲ ಎಂದಳು. ಆರು ವರ್ಷ ಕಟ್ಟಿದ ಕೆಲಸ. ನನ್ನ ಬೆರಳ ತುದಿಯಷ್ಟು ಮಸಿಗೆ ಅದು ಹೋಗುವುದರಲ್ಲಿತ್ತು. ನನಗೆ ಅಳುವೇ ಬಂತು.

"ನಾಳೆ ನಾನು ಎಲ್ಲಾದ್ರೂ ಹೋಗಿರ್ತೀನಿ ಕಣೆ. ಪಾರ್ಕಲ್ಲಿ ಕೂತ್ಕೋತೀನಿ. ಆ ಹಾಳೇನೂ ಒಂದ್ ದಿನ ಪಕ್ಕಕ್ಕೆ ಇಟ್ಬುಡು."

"ಮನೇಲಿರೋರ್ನ ಬಚ್ಚಿಡೋ ಕೆಲ್ಸ ನಂಗೆ ಬೇಡ ಚಿಕ್ಕಮ್ಮ. ನೀವೂ ಇರಿ, ಹಾಳೆನೂ ಇರ್ಲಿ."

ಆ ಮಾತಿಗೆ ನನಗೆ ಮನು ನೆನಪಾದ. ಇದನ್ನು ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ. ಇಪ್ಪತ್ತು ವರ್ಷದ ಹಿಂದೆ ನನ್ನ ಶಿಶುವಿಹಾರದಲ್ಲಿ ಮನು ಎಂಬ ನಾಲ್ಕು ವರ್ಷದ ಹುಡುಗನಿದ್ದ. ಒಂದು ದಿನ ನಾನು ಗೇಟಿನ ಚಿಲಕ ಹಾಕುವುದನ್ನು ಮರೆತೆ. ಮಗು ಹೊರಟುಹೋಯಿತು. ಒಂದು ಗಂಟೆ ಹುಡುಕಿದೆವು. ಆಗ ಹದಿಮೂರು ವರ್ಷದವಳಾಗಿದ್ದ ಭವ್ಯಳೇ ಅವನನ್ನು ದೊಡ್ಡ ರಸ್ತೆಯ ಸೈಕಲ್ ಅಂಗಡಿಯ ಮುಂದಿನಿಂದ ಎತ್ತಿಕೊಂಡು ಬಂದಳು. ರಸ್ತೆಯಲ್ಲಿ ಬಸ್ಸು ಓಡಾಡುತ್ತಿದ್ದವು. ನಾನು ಅವನ ಕಾಲು ತೊಳೆದೆ, ಅನ್ನ ಕಲಸಿ ತಿನ್ನಿಸಿದೆ. ಸಂಜೆ ತಾಯಿ ಶಾಂತಮ್ಮ ಬಂದಾಗ, "ಇವತ್ತು ಬಹಳ ಜಾಣ ಆಗಿದ್ದ ಕಣ್ರೀ" ಎಂದು ನಗುತ್ತಾ ಕೈಗೊಪ್ಪಿಸಿದೆ. ಪಕ್ಕದಲ್ಲೇ ನಿಂತಿದ್ದ ಭವ್ಯ ನನ್ನ ಮುಖವನ್ನೇ ನೋಡುತ್ತಿದ್ದಳು.

"ಮನು ನೆನಪಿದಾನೇನೆ?" ಎಂದೆ.

"ಇದಾನೆ," ಎಂದಳು. ಅಷ್ಟೇ ಹೇಳಿ ಹೊಳೆಯ ಕಡೆ ನೋಡಿಕೊಂಡು ನಡೆದಳು.

ಬುಧವಾರ

ತಪಾಸಣೆಯವರು ಎತ್ತರದ ಹೆಂಗಸು, ವಯಸ್ಸು ಸುಮಾರು ನನ್ನದೇ. ಹೊರಗೆ ಜಿನುಗುಮಳೆ. ನಮ್ಮಲ್ಲಾದರೆ ಅಧಿಕಾರಿ ಬಂದರೆಂದು ಕುರ್ಚಿ ಒರೆಸಿ ಕಾಫಿಗೆ ನೀರಿಡುತ್ತಿದ್ದೆವು. ನಮ್ಮ ಹುಡುಗಿ ಅವರ ಕಾರ್ಡು ತೆಗೆದುಕೊಂಡು, ಅವರನ್ನು ಮೆಟ್ಟಿಲ ಮೇಲೇ ನಿಲ್ಲಿಸಿ, ಅವರ ಆಫೀಸಿಗೆ ಫೋನು ಮಾಡಿ ಇಂಥವರು ಹೌದೇ ಎಂದು ಕೇಳಿ, ಆಮೇಲೆ ಒಳಗೆ ಬಿಟ್ಟಳು. ವರದಿಯ ಕಥೆ ಇಲ್ಲಿಗೇ ಮುಗಿಯಿತು ಎಂದುಕೊಂಡೆ ನಾನು. ಆ ಹೆಂಗಸು ಮಾತ್ರ ಸಂತೋಷದಿಂದ ಒದ್ದೆ ಛತ್ರಿ ಮಡಿಸಿ, ಪುಸ್ತಕದಲ್ಲಿ ನನ್ನ ಹೆಸರಿನ ಕೆಳಗೇ ಸಹಿ ಹಾಕಿದರು.

ಜಾಕ್‌ಗೂ ಆಯೇಷಾಗೂ ಭವ್ಯ ಕಥೆ ಹೇಳುವುದನ್ನು ನೋಡಿದರು. ಕೈ ತೊಳೆಯುವುದನ್ನು, ದ್ರಾಕ್ಷಿ ಸೀಳುವುದನ್ನು ನೋಡಿದರು. ಆಮೇಲೆ ಪುಸ್ತಕಗಳನ್ನು ಮುಂದಿಟ್ಟುಕೊಂಡು ಕೂತರು. ಹಾಳೆ ಮಗುಚುತ್ತಾ ಮಗುಚುತ್ತಾ ಒಂದು ಕಡೆ ಅವರ ಕೈ ನಿಂತಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಎನ್ನುವ ಹಾಗೆ, ಅವರು ತಲೆ ಎತ್ತುವ ಮೊದಲೇ ನಾನು ಎದ್ದು ನಿಂತಿದ್ದೆ.

ಈ ಬೊಟ್ಟು ಇಟ್ಟವರು ನೀವೇನಾ ಎಂದು ಕೇಳಿದರು. ಹೌದು ಎಂದೆ. ಏಕೆ ಎಂದರು. ನನಗೆ ತಿಳಿದ ಇಂಗ್ಲಿಷಿನಲ್ಲಿ ಹೇಳಿದೆ: ಚೆಂದದ ಮಗುವಿಗೆ ಜನರ ಕಣ್ಣು ತಾಕುತ್ತದೆ, ನಮ್ಮ ಊರಿನಲ್ಲಿ ಹೀಗೆ ಇಡುತ್ತೇವೆ, ತಾಯಿಯನ್ನು ಕೇಳಬೇಕಿತ್ತು, ಕೇಳಲಿಲ್ಲ. ಅವರು ಬರೆದುಕೊಂಡರು. ನಾನು ಕೂರಬಹುದಿತ್ತು. ಕೂರಲಿಲ್ಲ.

"ಇನ್ನೊಂದು ಮಾತಿದೆ," ಎಂದೆ. "ಒರೆಸಿಬಿಡು, ಯಾರಿಗೂ ಹೇಳಬೇಡ ಎಂದು ನಾನು ಇವಳಿಗೆ ಹೇಳಿದೆ. ಆ ಹಾಳೆಯಲ್ಲಿ ಇವಳು ಅದನ್ನು ಬರೆದಿಲ್ಲ. ನನ್ನ ಮಾನ ಉಳಿಸಲು ಬಿಟ್ಟಿದ್ದಾಳೆ. ನೀವು ಅದನ್ನೂ ಬರೆದುಕೊಳ್ಳಿ."

ಭವ್ಯ ನನ್ನನ್ನು ನೋಡಿದಳು. ಕಣ್ಣು ತುಂಬಿಕೊಂಡಿದ್ದವು. ಆ ಹೆಂಗಸು ಕನ್ನಡಕ ತೆಗೆದು ನಮ್ಮಿಬ್ಬರನ್ನೂ ಒಂದು ಗಳಿಗೆ ನೋಡಿ, ಅದನ್ನೂ ಬರೆದುಕೊಂಡರು.

ಅಷ್ಟರಲ್ಲಿ ಬಾಗಿಲ ಗಂಟೆ. ಎಮ್ಮಾ ನಿಂತಿದ್ದಳು, ಮಗುವಿನೊಂದಿಗೆ. ನಿನ್ನೆ ಗಂಡ ಹೆಂಡತಿ ಇಬ್ಬರೂ ರಜೆ ಹಾಕಿ ಕೂತು ಮಾತಾಡಿದರಂತೆ. ತಪಾಸಣೆಯವರು ಅವಳನ್ನೂ ಪ್ರಶ್ನೆ ಕೇಳಿದರು. ಅವಳು ಹೇಳಿದ್ದು ನನಗೆ ಪೂರ್ತಿ ಅರ್ಥವಾಗಲಿಲ್ಲ, ಭವ್ಯ ಆಮೇಲೆ ಬಿಡಿಸಿ ಹೇಳಿದಳು. ಸೋಮವಾರ ಅವಳಿಗೆ ಸಿಟ್ಟು ಬಂದದ್ದು ನಿಜ. ಆದರೆ ಇದಕ್ಕೂ ಮೊದಲು ಲಿಲಿಯನ್ನು ಬಿಡುತ್ತಿದ್ದ ಜಾಗದಲ್ಲಿ ಒಂದು ದಿನ ಮಗುವಿನ ತೋಳು ಕಂದಿತ್ತು, ಕೇಳಿದರೆ ಎಲ್ಲರೂ ಗೊತ್ತಿಲ್ಲ ಎಂದಿದ್ದರು. ಇಲ್ಲಿ ತೊಳೆದುಹೋದ ಒಂದು ಚುಕ್ಕೆಯನ್ನು ಭವ್ಯ ತಾನಾಗಿಯೇ ಹೇಳಿದಳು, ನನ್ನ ಮಗು ಇಲ್ಲೇ ಇರುತ್ತದೆ ಎಂದಳಂತೆ. ಹೊರಡುವಾಗ ನನ್ನ ಕಡೆ ತಿರುಗಿ, ಮುಂದಿನ ಸಲ ನನ್ನನ್ನು ಕೇಳಿ ಎಂದು ಬೆರಳೆತ್ತಿ ಹೇಳಿದಳು. ಆ ಬೆರಳಿಗೆ ನಾನು ತಲೆ ಬಾಗಿಸಿದೆ.

ಕೆಲವು ವಾರಕ್ಕೆ ವರದಿ ಬಂತು. ಅದರಲ್ಲಿ ಭವ್ಯಳ ಪ್ರಾಮಾಣಿಕತೆಗೆಂದೇ ಒಂದು ಸಾಲು ಇತ್ತು. ಮನೆಗೆ ಬರುವವರಿಗೆ ಕಟ್ಟಳೆಗಳನ್ನು ಇನ್ನಷ್ಟು ಬಿಡಿಸಿ ಹೇಳಬೇಕು ಎಂದೂ ಒಂದು ಸಾಲು. ಎರಡನೆಯ ಸಾಲು ನನ್ನ ಕೊಡುಗೆ ಎಂದು ಗಿರೀಶ ನನ್ನನ್ನು ನೋಡಿ ನಕ್ಕ. ನಾನು ಆ ಕಾಗದದ ಪ್ರತಿ ಮಾಡಿಸಿಕೊಂಡು, ವಿಮಾನದಲ್ಲಿ ಪಕ್ಕದಲ್ಲಿ ಕೂತವರಿಗೆಲ್ಲ ತೋರಿಸಿದೆ.

ಮೈಸೂರು

ಊರಿಗೆ ಬಂದ ವಾರವೇ ಹಜಾರದ ಗೋಡೆಗೆ ಗಂಟಿನ ಹಗ್ಗ ಬಂತು. ಪುಟ್ಟತಾಯಮ್ಮ ಅದನ್ನು ನೋಡಿ, "ಇದೇನು ಮಿಸ್, ಕರು ಕಟ್ಟೋಕಾ?" ಎಂದಳು. ಈಗ ಇಪ್ಪತ್ತಾರು ಮಕ್ಕಳೂ ಅದನ್ನು ಹಿಡಿದು ಗೇಟಿನ ಆಚೆಗೆ ಸಾಲಾಗಿ ಬರುತ್ತವೆ. ದಿನದ ಪುಸ್ತಕವೊಂದನ್ನೂ ಇಟ್ಟಿದ್ದೇನೆ. ಯಾರು ಬಿದ್ದರು, ಯಾರು ಕಚ್ಚಿದರು, ಎಲ್ಲ ಬರೆದು ಸಂಜೆ ತಾಯಂದಿರಿಗೆ ಓದಿ ಹೇಳುತ್ತೇನೆ. ಮೊದಲ ವಾರ ಗಾಬರಿಯಾದರು, ಈಗ ತಾವಾಗಿಯೇ ಕೇಳುತ್ತಾರೆ.

ಬರೆಯಬೇಕಾದ ಇನ್ನೊಂದು ಉಳಿದಿತ್ತು. ಶಾಂತಮ್ಮ ಈಗ ಇರುವುದು ಸಿದ್ಧಾರ್ಥನಗರದಲ್ಲಿ, ಮನು ಕೆಲಸಕ್ಕೆ ಹೋಗುತ್ತಾನೆ. ಒಂದು ಭಾನುವಾರ ಹೋದೆ. ಕೂತು, ನೀರು ಕುಡಿದು, ಚಿಲಕದಿಂದ ಹಿಡಿದು ಸೈಕಲ್ ಅಂಗಡಿಯವರೆಗೆ ಎಲ್ಲ ಹೇಳಿದೆ. ಆಕೆ ತಡೆಯದೆ ಕೇಳಿದರು.

"ನಂಗೆ ಗೊತ್ತಿತ್ತು ಮಿಸ್," ಎಂದರು.

"ಹೇಗೆ?"

"ಆವತ್ತು ಸಂಜೆನೇ ನಿಮ್ಮ ಭವ್ಯ ನಮ್ಮನೆಗೆ ಓಡ್‌ಬಂದಿದ್ಲು. ಎಲ್ಲ ಹೇಳುದ್ಲು. ಚಿಕ್ಕಮ್ಮಂಗೆ ಹೇಳ್ಬೇಡಿ, ಅವ್ರು ತುಂಬಾ ಹೆದ್ರಿದ್ರು, ಇನ್ಮೇಲೆ ಗೇಟು ನಾನೇ ನೋಡ್ಕೋತೀನಿ ಅಂತ ಅತ್ಲು ಕಣ್ರೀ. ನಂಗೆ ನಿಮ್ಮ ಮೇಲೆ ಎಷ್ಟು ಸಿಟ್ಟು ಬಂದಿತ್ತು ಅಂದ್ರೆ, ಮಾರನೇ ದಿನ ಮಗೂನ ಕಳ್ಸಲೇಬಾರ್ದು ಅಂತಿದ್ದೆ. ಅಂಥ ಹುಡ್ಗಿ ಇರೋ ಮನೆ ಅಂತ ಕಳಿಸ್ದೆ."

ನಾಚಿಕೆಯಾಯಿತು, ಇಲ್ಲವೆನ್ನುವುದಿಲ್ಲ. ನಾನು ಕಲಿಸಿದ ವಿದ್ಯೆ ಎಂದು ಇಷ್ಟು ವರ್ಷ ಊರೆಲ್ಲ ಹೇಳಿಕೊಂಡು ಬಂದವಳು. ಸಿಟಿ ಬಸ್ಸಿನಲ್ಲಿ ವಾಪಸು ಬರುವಾಗ ಪಕ್ಕದಲ್ಲಿ ಕೂತ ಹೆಂಗಸು ನನ್ನ ಮುಖ ನೋಡಿ, ಏನಾಯ್ತಮ್ಮ ಎಂದು ಕೇಳಿದಳು. ಏನೂ ಆಗಿಲ್ಲ, ನಮ್ಮ ಹುಡುಗಿಯೊಬ್ಬಳು ಇಂಗ್ಲೆಂಡಿನಲ್ಲಿದ್ದಾಳೆ, ಅವಳ ಕಥೆ ಕೇಳಿ ಎಂದೆ. ಮೊದಲಿಂದ ಹೇಳಿದೆ. ಗೇಟಿನ ಚಿಲಕ ಹಾಕುವುದನ್ನು ಮರೆತವಳು ನಾನು ಎನ್ನುವಲ್ಲಿಂದ.